ತೊಟ್ಟಿಮನೆಗೆ ಕ್ಯಾಮೆರಾ ಬರುವ ಮುನ್ನ

ನೆಲಮಂಗಲ ತಾಲ್ಲೂಕಿನ ನಮ್ಮೂರಲ್ಲಿ ಹೆಂಚಿನ ತೊಟ್ಟಿಮನೆ ಅಂತ ಉಳಿದಿರುವುದು ಒಂದೇ. ಅದರ ಒಡತಿ ನಿವೃತ್ತ ಶಿಕ್ಷಕಿ, ಊರಿಗೆಲ್ಲ ಟೀಚರಮ್ಮ. ಮಕ್ಕಳು ಬೆಂಗಳೂರಲ್ಲಿ ಫ್ಲ್ಯಾಟು ಹಿಡಿದ ಮೇಲೆ ಆ ಮನೆಯಲ್ಲಿ ಅವರು ಮತ್ತು ಎರಡು ಸೀಮೆಹಸು. ಕಳೆದ ವಾರ ಸಿನಿಮಾದ ಮ್ಯಾನೇಜರೊಬ್ಬರು ಶೂಟಿಂಗಿಗೆ ಮನೆ ಕೇಳಿಕೊಂಡು ಬಂದರು. ಕರಾರು ಬರೆಯುವಾಗ ಸಾಕ್ಷಿಗಿರಲಿ ಅಂತ ಪಕ್ಕದ ಮನೆಯ ನನ್ನನ್ನು ಕರೆಸಿದರು. ಸಾಕ್ಷಿಗೆ ನಡುವೆ ಬಾಯಿ ಹಾಕುವ ಹಕ್ಕಿಲ್ಲ. ಜಗಲಿಯ ಮೇಲೆ ಕೂತು ಕೇಳಿಸಿಕೊಂಡದ್ದನ್ನು ಹೆಸರು ಬಿಟ್ಟು ಬರೆದಿದ್ದೇನೆ.

ಮ್ಯಾನೇಜರ್: ಎಂಟೇ ದಿನ ಅಮ್ಮ. ಬೆಳಿಗ್ಗೆ ಆರಕ್ಕೆ ಬರ್ತೀವಿ, ಸಂಜೆ ಆರಕ್ಕೆ ಪ್ಯಾಕಪ್. ದಿನಕ್ಕೆ ಎಂಟು ಸಾವಿರ. ಮನೆ ಹೇಗಿತ್ತೋ ಹಾಗೇ ವಾಪಸ್ಸು.

ಟೀಚರಮ್ಮ: ಆರು ಅಂದ್ರೆ ಆರೇನಾ?

ಮ್ಯಾನೇಜರ್: ಒಂದೊಂದು ದಿನ ಏಳಾಗ್ಬಹುದು.

ಟೀಚರಮ್ಮ: ಒಂದೊಂದು ದಿನ ಹತ್ತೂ ಆಗ್ಬಹುದು. ನನ್ನ ತಂಗಿ ಮನೇನ ಸೀರಿಯಲ್ಲಿಗೆ ಕೊಟ್ಟಿದ್ರು. ಮೂರು ತಿಂಗಳು ಅಂತ ಬಂದವರು ಎರಡು ವರ್ಷ ಇದ್ರು. ಸೊಸೆ ಕುಕ್ಕರ್ ಕೂಗಿಸೋ ಹಾಗಿಲ್ಲ, ಮೊಮ್ಮಗ ಅಳೋ ಹಾಗಿಲ್ಲ. ಕೊನೆಕೊನೆಗೆ ತಮ್ಮ ಸೋಫಾ ಯಾವುದು, ಸೀರಿಯಲ್ ಅತ್ತೆ ಸೋಫಾ ಯಾವುದು ಅಂತ ಅವರಿಗೇ ಮರೆತುಹೋಗಿತ್ತು.

ಮ್ಯಾನೇಜರ್: ಸೀರಿಯಲ್ ಅಂದ್ರೆ ಡೇರಿಗೆ ಹಾಲು ಹಾಕಿದ ಹಾಗೆ. ದಿನಾ ಕರೀಲೇಬೇಕು, ದಿನಾ ಹಾಕ್ಲೇಬೇಕು. ಹಬ್ಬ ಅನ್ನೋ ಹಾಗಿಲ್ಲ, ಸಾವು ಅನ್ನೋ ಹಾಗಿಲ್ಲ. ನಮ್ದು ಸಿನಿಮಾ. ದುಡ್ಡಿದ್ರೆ ನಡೆಯುತ್ತೆ, ಇಲ್ದಿದ್ರೆ ನಿಲ್ಲುತ್ತೆ.

ಟೀಚರಮ್ಮ: ಇದು ಇನ್ನೂ ಚೆನ್ನಾಗಿದೆ! ನಡುವೆ ನಿಂತ್ರೆ ನನ್ನ ಮನೆ ಕಥೆ? ನಿಮ್ಮ ಸೆಟ್ಟಿನ ಕಂಬ ಅಂಗಳದಲ್ಲೇ ನೆಟ್ಟಿರುತ್ತೆ, ಹಸು ಎಲ್ಲಿ ಕಟ್ಟಲಿ? ಅದಿರಲಿ, ಯಾವೂರು ನಿಮ್ಮದು?

ಮ್ಯಾನೇಜರ್: ದೊಡ್ಡಬಳ್ಳಾಪುರ.

ಟೀಚರಮ್ಮ: ಮಗ್ಗದ ಮನೆಯವರಾ?

ಮ್ಯಾನೇಜರ್: ಹೂಂ. ಅಪ್ಪ ಮಗ್ಗ ಬಿಡ್ತಿದ್ರು. ಮಗ್ಗವೂ ನಮ್ಮದಲ್ಲ, ಮಾಲೀಕರದು. ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಮಾಕಳಿದುರ್ಗದ ಹತ್ತಿರ ಒಂದು ಶೂಟಿಂಗ್ ನಡೀತಿತ್ತು. ನೋಡೋಕೆ ಹೋದೋನ ಕೈಗೆ ಯಾರೋ ಟೀ ಕ್ಯಾನು ಕೊಟ್ಟು, ಅಲ್ಲಿ ಕೊಟ್ಟು ಬಾ ಅಂದ್ರು. ಅವತ್ತು ಹಿಡಿದ ಕ್ಯಾನು. ಪ್ರೊಡಕ್ಷನ್ ಬಾಯ್ ಆದೆ, ಆಮೇಲೆ ಅಸಿಸ್ಟೆಂಟ್, ಈಗ ಮ್ಯಾನೇಜರ್. ಮೂವತ್ತು ವರ್ಷ ದಾಟಿತು.

ಟೀಚರಮ್ಮ: ಹಾಗಿದ್ರೆ ನನ್ನ ದೊಡ್ಡ ಮಗನ ವಯಸ್ಸು. ಇನ್ಮೇಲೆ ನೀನು ಅಂತೀನಿ, ಬೇಜಾರಾಗ್ಬೇಡ. ಮಗ್ಗಕ್ಕಿಂತ ಇದು ವಾಸಿ ಅನ್ನಿಸ್ತಾ?

ಮ್ಯಾನೇಜರ್: ಎರಡೂ ಒಂದೇ ಅಮ್ಮ, ಸದ್ದು ಬೇರೆ. ಅಲ್ಲಿ ಸೀರೆ ಲೆಕ್ಕದಲ್ಲಿ ಮಜೂರಿ, ಇಲ್ಲಿ ಕಾಲ್‌ಶೀಟ್ ಲೆಕ್ಕದಲ್ಲಿ ಬಾಟಾ. ಮಾಲೀಕರ ಹತ್ತಿರ ಅಡ್ವಾನ್ಸ್ ತಗೊಂಡಿದ್ರೆ ಅವರ ಮಗ್ಗ ಬಿಟ್ಟು ಏಳೋ ಹಾಗಿರಲಿಲ್ಲ. ಇಲ್ಲಿ ತಿರುಗಾಮುರುಗಾ. ಅವರು ನಮಗೆ ಬಾಕಿ ಇಟ್ಕೊಂಡಿರ್ತಾರೆ, ಆ ಬಾಕಿ ಬರಲಿ ಅಂತ ಅವರ ಮುಂದಿನ ಸಿನಿಮಾಗೂ ಹೋಗ್ತೀವಿ.

ಟೀಚರಮ್ಮ: ಬಾಟಾ ಅನ್ನೋದು ದಿನಗೂಲಿ ತಾನೆ?

ಮ್ಯಾನೇಜರ್: ದಿನಗೂಲಿನೇ. ಹೊರಗಿನೋರು ಸಿನಿಮಾದಲ್ಲಿದ್ದೀಯ ಅಂದ ತಕ್ಷಣ ತಿಂಗಳ ಸಂಬಳ ಅನ್ಕೋತಾರೆ. ಲೈಟಿನೋರು, ಮೇಕಪ್, ಕಾಸ್ಟ್ಯೂಮ್, ಡ್ರೈವರ್, ಅಡುಗೆಯೋರು, ಟ್ರಾಲಿ ತಳ್ಳೋರು, ಎಲ್ಲಾ ಕೆಲಸ ಇದ್ದ ದಿನದ ದುಡ್ಡು. ಆರಕ್ಕೆ ಮುಗೀಬೇಕಾದ್ದು ರಾತ್ರಿಗೆ ಎಳೆದ್ರೆ ಒಂದೂವರೆ ಕಾಲ್‌ಶೀಟ್ ಅಂತ ಹಿಡೀತೀವಿ. ಅದಕ್ಕೇ ರಾತ್ರಿ ಶೂಟಿಂಗ್ ಅಂದ್ರೆ ಹುಡುಗರಿಗೆ ಖುಷಿ. ನಿದ್ದೆ ಮಾರಿ ಅರ್ಧ ಕೂಲಿ ಜಾಸ್ತಿ ತಗೋತಾರೆ. ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆ ಬಿರಿಯಾನಿ ಅಂಗಡಿ ಮುಂದೆ ಕಾರುಗಳ ಸಾಲು ನೋಡಿದ್ದೀರಲ್ಲ, ಅದರ ನಡುವೆ ನಮ್ಮ ಯೂನಿಟ್ ಬಸ್ಸೂ ನಿಲ್ಲುತ್ತೆ. ಕಾರಿನೋರು ತಿನ್ನೋಕೆ ಎದ್ದೋರು, ನಮ್ಮೋರು ಇನ್ನೂ ಮಲಗದೇ ಇದ್ದೋರು.

ಟೀಚರಮ್ಮ: ಇಷ್ಟು ದೂರ ಹಳ್ಳಿ ಹುಡುಕ್ಕೊಂಡು ಯಾಕಪ್ಪ ಬರ್ತೀರಿ? ಸ್ಟುಡಿಯೋ ಇಲ್ವಾ?

ಮ್ಯಾನೇಜರ್: ಎಲ್ಲಿದೆ? ಕಂಠೀರವ ಸ್ಟುಡಿಯೋ ಇದೆ, 1966ರಲ್ಲಿ ಸರ್ಕಾರ ಮಾಡಿದ್ದು. ಅದಕ್ಕೂ ಮುಂಚೆ ನಮ್ಮೋರು ಹೆಚ್ಚಾಗಿ ಮದರಾಸಲ್ಲೇ. ಮೊದಲನೇ ಮಾತಿನ ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬಂತಲ್ಲ, ಅದನ್ನ ತೆಗೆದದ್ದು ಕೊಲ್ಲಾಪುರದಲ್ಲಿ. ಕನ್ನಡ ಸಿನಿಮಾ ಹುಟ್ಟಿದ್ದೇ ಬಾಡಿಗೆ ಮನೇಲಿ. ಈಗ್ಲೂ ಅದೇ. ಹೆಸರಘಟ್ಟದಲ್ಲಿ ಫಿಲ್ಮ್ ಸಿಟಿ ಆಗುತ್ತೆ ಅಂತ ನಾನು ಹುಟ್ಟೋಕೆ ಮುಂಚೆಯಿಂದ ಹೇಳ್ತಿದ್ದಾರೆ.

ಟೀಚರಮ್ಮ: ನಾನೂ ಕೇಳಿದ್ದೀನಿ. ಹುಲ್ಲುಗಾವಲು ಉಳಿಸಿ ಅಂತ ಹಕ್ಕಿ ನೋಡೋರು ತಕರಾರು ಮಾಡಿದ್ರು. ಅವರು ಹೇಳಿದ್ದು ಸರಿ ಅಂತ್ಲೇ ನನ್ನ ಲೆಕ್ಕ.

ಮ್ಯಾನೇಜರ್: ಇರ್ಬಹುದು. ಆಮೇಲೆ ರಾಮನಗರ ಅಂದ್ರು, ಕನಕಪುರ ರಸ್ತೆ ಅಂದ್ರು, ಈಗ ಮೈಸೂರಿನ ಹತ್ತಿರ ಹಿಮ್ಮಾವು ಅಂತಿದ್ದಾರೆ. ಒಬ್ಬೊಬ್ಬ ಮುಖ್ಯಮಂತ್ರಿಗೆ ಒಂದೊಂದು ಊರು. ಫಿಲ್ಮ್ ಸಿಟಿ ಆಗ್ಲಿಲ್ಲ, ಅದಕ್ಕೆ ನಿಮ್ಮಂಥೋರ ಮನೇನೇ ಸ್ಟುಡಿಯೋ. ನೆಲಮಂಗಲದ ತೋಟ, ದೇವನಹಳ್ಳಿ ಬಂಗಲೆ, ದೊಡ್ಡಬಳ್ಳಾಪುರದ ಗುಡ್ಡ, ಮಾಗಡಿ ಕೆರೆ. ಬೆಂಗಳೂರಿನ ಸುತ್ತ ಒಂದು ಬಳೆ ಹಾಕಿದ ಹಾಗೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ಸು ಬರೋ ದೂರ ಇದ್ರೆ ಯೂನಿಟ್ಟಿಗೆ ಲಾಡ್ಜ್ ಖರ್ಚು ಉಳಿಯುತ್ತೆ.

ಟೀಚರಮ್ಮ: ಓ, ನನ್ನ ಮನೆ ಚೆಂದ ಇದೆ ಅಂತ ಬಂದದ್ದಲ್ಲ, ಲಾಡ್ಜ್ ಖರ್ಚು ಉಳೀಲಿ ಅಂತ ಬಂದದ್ದು!

ಮ್ಯಾನೇಜರ್: ಎರಡೂ ಅಮ್ಮ.

(ಇಲ್ಲಿ ಕಾಫಿ ಬಂತು. ಟೀಚರಮ್ಮ ಒಳಗಿನಿಂದ ಲೋಟ ತರುವಷ್ಟರಲ್ಲಿ ಮ್ಯಾನೇಜರ್ ನನ್ನ ಕಿವಿಯಲ್ಲಿ, ‘ಇವರು ಪಾಠ ಮಾಡ್ತಿದ್ದದ್ದು ಗಣಿತಾನಾ?’ ಅಂದರು. ಹೌದು ಅಂತ ತಲೆಯಾಡಿಸಿದೆ.)

ಟೀಚರಮ್ಮ: ನಮಗೆ ಸಿನಿಮಾದವರು ಹೊಸಬರಲ್ಲ. ಲೀಲಾವತಿಯವರು ನಮ್ಮ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲೇ ತೋಟ ಮಾಡ್ಕೊಂಡು ಇದ್ದೋರು. ಬೆಳ್ತಂಗಡಿ ಕಡೆ ಹುಟ್ಟಿ, ಮದರಾಸಲ್ಲಿ ದುಡಿದು, ಕೊನೆಗೆ ಮಣ್ಣು ಮುಟ್ಟಿದ್ದು ಇಲ್ಲಿ. ಆರುನೂರಕ್ಕೂ ಮೀರಿ ಸಿನಿಮಾ ಮಾಡಿದ್ರು ಅಂತಾರೆ. ಊರಿಗೆ ಆಸ್ಪತ್ರೆ ಕಟ್ಟಿಸಿಕೊಟ್ರು. ದನಗಳಿಗೂ ಒಂದು ಆಸ್ಪತ್ರೆ ಕಟ್ಟಿಸಿದ್ರು. 2023ರ ನವೆಂಬರ್ ಕೊನೇಲಿ ಡಿ.ಕೆ. ಶಿವಕುಮಾರ್ ಬಂದು ಅದರ ಉದ್ಘಾಟನೆ ಮಾಡಿದ್ರು. ಡಿಸೆಂಬರ್ 8ಕ್ಕೆ ನೆಲಮಂಗಲದ ಆಸ್ಪತ್ರೆಯಲ್ಲಿ ಅಮ್ಮ ಹೋಗಿಬಿಟ್ರು. ತೋಟದಲ್ಲೇ ಮಣ್ಣು ಮಾಡಿದ್ರು.

ಮ್ಯಾನೇಜರ್: ನಾವು ಆವತ್ತು ಕೆಲಸ ನಿಲ್ಲಿಸಿದ್ವಿ.

ಟೀಚರಮ್ಮ: ನೋಡು, ಅವರು ನಾಯಕಿಯಾಗಿ ಮಾಡಿದ್ದಕ್ಕಿಂತ ಅಮ್ಮ, ಅತ್ತೆ, ಅಜ್ಜಿಯಾಗಿ ಮಾಡಿದ್ದು ಹೆಚ್ಚು. ಮೂರು ದಿನ ಇಲ್ಲಿ, ಐದು ದಿನ ಅಲ್ಲಿ. ನಾನು ಬಹಳ ಸಲ ಯೋಚನೆ ಮಾಡಿದ್ದೀನಿ. ಸಿನಿಮಾ ಉಳಿಸಿದ್ದಕ್ಕಿಂತ ಅವರನ್ನ ಹೆಚ್ಚಾಗಿ ಉಳಿಸಿದ್ದು ತೋಟ. ನೆಲ ಇತ್ತು, ಬೆಳೆ ಇತ್ತು, ಕೈಚಾಚೋ ಹಾಗಾಗ್ಲಿಲ್ಲ.

ಮ್ಯಾನೇಜರ್: ಅದು ನೂರಕ್ಕೆ ನೂರು ಸರಿ. ನಾನು ಕಂಡಿರೋ ಪೋಷಕ ನಟರಲ್ಲಿ ಕೊನೆಗಾಲದಲ್ಲಿ ನೆಟ್ಟಗೆ ಇದ್ದೋರು ಅಂದ್ರೆ ಒಂದೋ ನೆಲ ಇದ್ದೋರು, ಇಲ್ಲಾ ಬ್ಯಾಂಕೋ ಸ್ಕೂಲೋ ಕೆಲಸ ಬಿಡದೇ ಇದ್ದೋರು. ಉಳಿದೋರ ವಿಷಯ ಟೀವಿಯಲ್ಲಿ ‘ಸಹಾಯ ಮಾಡಿ’ ಅಂತ ಬಂದಾಗ್ಲೇ ಗೊತ್ತಾಗೋದು. ಅಭಿಮಾನಿಗಳು ಮುಖ ಗುರುತು ಹಿಡೀತಾರೆ, ಆದ್ರೆ ಹೆಸರು ಯಾರಿಗೂ ಗೊತ್ತಿರಲ್ಲ.

ಟೀಚರಮ್ಮ: ನೀನು ನೆಲ ತಗೊಂಡಿದ್ದೀಯಾ?

ಮ್ಯಾನೇಜರ್: ಏರ್‌ಪೋರ್ಟ್ ಬಂದಮೇಲೆ ದೇವನಹಳ್ಳಿ ದೊಡ್ಡಬಳ್ಳಾಪುರದ ಕಡೆ ನೆಲ ತಗೋಳೋದಾ? 2008ರಲ್ಲಿ ಮೊದಲನೇ ವಿಮಾನ ಇಳೀತು, ಅವತ್ತಿಂದ ನಮ್ಮ ಕಡೆ ಎರಡು ಜಾತಿ ಜನ. ನೆಲ ಮಾರಿದೋರು, ಮಾರದೇ ಇರೋರು. ಮಾರಿದೋರಲ್ಲಿ ನಾಲ್ಕು ಜನ ನಮ್ಮ ಗಾಂಧಿನಗರಕ್ಕೆ ಬಂದೇ ಬರ್ತಾರೆ.

ಟೀಚರಮ್ಮ: ಸಿನಿಮಾ ತೆಗೆಯೋಕಾ?

ಮ್ಯಾನೇಜರ್: ಮಗನ್ನ ಹೀರೋ ಮಾಡೋಕೆ. ಮುಹೂರ್ತಕ್ಕೆ ದೇವಸ್ಥಾನದ ಮುಂದೆ ಶಾಮಿಯಾನ, ಎಂಎಲ್ಎ ಕ್ಲಾಪು, ಬಿರಿಯಾನಿ. ನಮಗೂ ಗೊತ್ತು ಇದು ಓಡಲ್ಲ ಅಂತ. ಹೇಳಲ್ಲ. ಹೇಳಿದ್ರೆ ಅರುವತ್ತು ಜನರ ನಲವತ್ತು ದಿನದ ಕೆಲಸ ಹೋಗುತ್ತೆ. ಪಾಪ ಅನ್ನಿಸುತ್ತೆ, ಆದ್ರೂ ಹೇಳಲ್ಲ. ಮೊದಲ ಶೆಡ್ಯೂಲ್‌ಗೆ ಕೈತುಂಬ ಕೊಡ್ತಾರೆ. ಎರಡನೇದಕ್ಕೆ ಎಣಿಸಿ ಕೊಡ್ತಾರೆ. ಮೂರನೇದಕ್ಕೆ ಫೋನ್ ಎತ್ತಲ್ಲ. ವರ್ಷಕ್ಕೆ ಇನ್ನೂರರ ಆಸುಪಾಸು ಕನ್ನಡ ಸಿನಿಮಾ ಬಿಡುಗಡೆ ಆಗುತ್ತೆ ಅಮ್ಮ. ನೀವು ಹೆಸರು ಕೇಳಿರೋದು ಎಷ್ಟು?

ಟೀಚರಮ್ಮ: ಐದೋ ಆರೋ.

ಮ್ಯಾನೇಜರ್: ಉಳಿದೋವು ಶುಕ್ರವಾರ ಬಂದು ಮುಂದಿನ ಗುರುವಾರ ಹೋಗೋವು. ನಮ್ಮ ಹೊಟ್ಟೆ ಹೊರೆಯೋದು ಅವೇ. ದೊಡ್ಡ ಹೀರೋ ಸಿನಿಮಾ ವರ್ಷಗಟ್ಟಲೆ ತಗೊಳುತ್ತೆ. ಈ ಹೆಸರಿಲ್ಲದ ಸಿನಿಮಾಗಳೇ ನಮ್ಮ ರಾಗಿ. ಸರ್ಕಾರದ ಹತ್ತು ಲಕ್ಷ ಸಬ್ಸಿಡಿ ಬರುತ್ತಲ್ಲ ಅಂತ ಲೆಕ್ಕ ಹಾಕಿ ತೆಗೆಯೋರೂ ಇದ್ದಾರೆ. ಅವರ ಸಿನಿಮಾ ನೋಡೋಕಾಗಲ್ಲ, ಬಾಟಾ ಮಾತ್ರ ಸರಿಯಾಗಿ ಕೊಡ್ತಾರೆ. ಕಲೆ ಬೇರೆ, ಕೂಲಿ ಬೇರೆ.

ಟೀಚರಮ್ಮ: ನಿನಗೆ ಬರಬೇಕಾದ ಬಾಕಿ ಎಷ್ಟು?

ಮ್ಯಾನೇಜರ್: ಹನ್ನೊಂದು ಸಿನಿಮಾದ್ದು. ಅದರಲ್ಲಿ ನಾಲ್ಕಕ್ಕೆ ಕುಂಬಳಕಾಯಿ ಒಡೀಲೇ ಇಲ್ಲ.

ಟೀಚರಮ್ಮ: ಹಾಗಂದ್ರೆ?

ಮ್ಯಾನೇಜರ್: ಕೊನೇ ದಿನದ ಶೂಟಿಂಗ್ ಮುಗಿದ್ಮೇಲೆ ದೃಷ್ಟಿ ತೆಗೆದು ಕುಂಬಳಕಾಯಿ ಒಡೀತೀವಿ. ಅವು ನಡುವೆಯೇ ನಿಂತುಹೋದ್ವು. ನಿರ್ಮಾಪಕರು ಊರು ಬಿಟ್ಟಿದ್ದಾರೆ. ಒಬ್ಬರು ಸತ್ತೇ ಹೋದ್ರು, ಅವರ ಹೆಂಡತಿ ಹತ್ತಿರ ಹೋಗಿ ಏನು ಕೇಳಲಿ?

ಟೀಚರಮ್ಮ: ಬರೆದಿಟ್ಟ ಕಾಗದ ಇಲ್ವಾ?

ಮ್ಯಾನೇಜರ್: ಕಾಗದ ಎಲ್ಲಿಂದ ಬರ್ಬೇಕು. ಫೋನಲ್ಲಿ ‘ನಾಳೆ ಆರಕ್ಕೆ ಬಾ’ ಅಂತಾರೆ, ಹೋಗ್ತೀವಿ. ಕಾನೂನು ಇತ್ತಂತೆ, 1981ರದ್ದು, ಸಿನಿ ಕಾರ್ಮಿಕರ ಕಾಯ್ದೆ ಅಂತ. ಬರಹದಲ್ಲಿ ಒಪ್ಪಂದ ಆಗದೆ ಯಾರನ್ನೂ ಸಿನಿಮಾ ಕೆಲಸಕ್ಕೆ ಇಟ್ಕೊಳ್ಳೋ ಹಾಗಿಲ್ಲ ಅಂತ ಅದರಲ್ಲೇ ಇತ್ತು. ಒಕ್ಕೂಟದ ಸಭೇಲಿ ಒಬ್ಬರು ವಕೀಲರು ಓದಿ ಹೇಳಿದ್ರು. ಎಲ್ರೂ ಚಪ್ಪಾಳೆ ಹೊಡೆದ್ವಿ. ಮಾರನೇ ದಿನ ಫೋನ್ ಬಂತು, ಹೋದ್ವಿ.

ಟೀಚರಮ್ಮ: ಹೊಸದೂ ಒಂದು ಬಂತಲ್ಲ. ಪೇಪರಲ್ಲಿ ಓದಿದ್ದೆ.

ಮ್ಯಾನೇಜರ್: 2024ರದ್ದು. ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ. ಟಿಕೆಟ್ ಮೇಲೆ, ಓಟಿಟಿ ಚಂದಾ ಮೇಲೆ ಶೇಕಡಾ 1ರಿಂದ 2ರಷ್ಟು ಸೆಸ್ ಹಾಕಿ ನಮಗೊಂದು ನಿಧಿ ಮಾಡೋದು. ಒಳ್ಳೇದೇ. ಆದ್ರೆ ನೀನು ಸಿನಿಮಾ ಕೆಲಸಗಾರ ಅನ್ನೋದಕ್ಕೆ ಪುರಾವೆ ಏನು ಅಂದ್ರೆ ಏನು ತೋರಿಸ್ಲಿ? ಮೂವತ್ತು ವರ್ಷದಲ್ಲಿ ನನ್ನ ಹೆಸರು ಇರೋ ಕಾಗದ ಅಂದ್ರೆ ಪೊಲೀಸ್ ಪರ್ಮಿಷನ್ ಲೆಟರ್ ಒಂದೇ. ಅದೂ ಟ್ರಾಫಿಕ್‌ಗೆ ತೊಂದರೆ ಆದ್ರೆ ಇವನೇ ಹೊಣೆ ಅಂತ.

ಟೀಚರಮ್ಮ: ಪರದೆ ಮೇಲೆ ಹೆಸರು ಬರಲ್ವಾ?

ಮ್ಯಾನೇಜರ್: ಬರುತ್ತೆ. ಮೊದಲನೇ ಸಲ ಬಂದಾಗ ಅಪ್ಪನ್ನ ದೊಡ್ಡಬಳ್ಳಾಪುರದ ಥಿಯೇಟರಿಗೆ ಕರ್ಕೊಂಡು ಹೋಗಿದ್ದೆ. ಸಿನಿಮಾ ಮುಗಿದ್ಮೇಲೆ ಹೆಸರುಗಳು ಸರಸರ ಮೇಲಕ್ಕೆ ಹೋಗ್ತವೆ. ಜನ ಎದ್ದು ಅಡ್ಡ ನಿಂತ್ರು. ಅಪ್ಪನಿಗೆ ಓದೋದು ನಿಧಾನ. ‘ಎಲ್ಲಿ ಎಲ್ಲಿ’ ಅನ್ನೋಷ್ಟರಲ್ಲಿ ಲೈಟ್ ಹಾಕಿದ್ರು. ಇನ್ನೊಂದು ಸಲ ನೋಡೋಣ ಅಂದ್ರು. ಭಾನುವಾರ ಹೋದ್ರೆ ಸಿನಿಮಾ ಬದಲಾಗಿತ್ತು.

(ಟೀಚರಮ್ಮ ಇದಕ್ಕೇನೂ ಹೇಳಲಿಲ್ಲ. ಕಾಫಿ ಆರಿತು ಕುಡಿ ಅಂದರು.)

ಟೀಚರಮ್ಮ: ಕೊರೊನಾ ಕಾಲದಲ್ಲಿ ಏನು ಮಾಡಿದೆ?

ಮ್ಯಾನೇಜರ್: ಮಗ್ಗಕ್ಕೆ ವಾಪಸ್ಸು ಹೋಗೋಣ ಅಂದ್ರೆ ಅದೂ ಬಂದ್. ಆಟೋದಲ್ಲಿ ತರಕಾರಿ ಮಾರಿದೆ. 2020ರ ಮಾರ್ಚಲ್ಲಿ ಶೂಟಿಂಗ್ ನಿಂತುಹೋಯ್ತು. ಆಗ ಟೀವಿಲಿ ಏನು ಬರ್ತಿತ್ತು ಹೇಳಿ?

ಟೀಚರಮ್ಮ: ಮಹಾಭಾರತ. ಹಿಂದಿಯದ್ದಕ್ಕೆ ಕನ್ನಡ ಮಾತು ಹಾಕಿದ್ದು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮ್ಯಾನೇಜರ್: ನಮ್ಮ ಮನೇಲೂ ನೋಡಿದ್ರು. ಡಬ್ಬಿಂಗ್ ಬೇಡ ಅಂತ ನಮ್ಮ ಸಿನಿಮಾದೋರೇ ದಶಕಗಟ್ಟಲೆ ತಡೆದಿದ್ರು. 2015ರಲ್ಲಿ ಸ್ಪರ್ಧಾ ಆಯೋಗ ಇದು ತಪ್ಪು ಅಂತ ದಂಡ ಹಾಕಿತು. ಆಗೆಲ್ಲ ದೊಡ್ಡೋರು ಮೈಕ್ ಹಿಡಿದು ಹೇಳ್ತಿದ್ದದ್ದು ‘ಕಾರ್ಮಿಕರ ಹೊಟ್ಟೆ ಮೇಲೆ ಹೊಡೀಬೇಡಿ’ ಅಂತ. ನಾನೂ ಮೆರವಣಿಗೇಲಿ ಹೋಗಿದ್ದೆ. ಡಬ್ಬಿಂಗ್ ಬಂತು. ಮೈಕ್ ಹಿಡಿದೋರ ಸಿನಿಮಾನೇ ಐದು ಭಾಷೆಗೆ ಡಬ್ ಆಗಿ ದುಡ್ಡು ಮಾಡ್ತು. ನಮ್ಮ ಹೊಟ್ಟೆ ವಿಷಯ ಆಮೇಲೆ ಯಾರೂ ಎತ್ತಲಿಲ್ಲ.

ಟೀಚರಮ್ಮ: ಸರಿ, ಕೆಲಸದ ವಿಷಯಕ್ಕೆ ಬಾ. ಲೈಟು ಎಲ್ಲಿ ಕಟ್ತೀರಿ?

ಮ್ಯಾನೇಜರ್: ಮನೆ ಹಿಂದುಗಡೆ ಒಂದು, ಹುಣಸೆಮರದ ಪಕ್ಕ ಒಂದು ಅಟ್ಟಣೆ. ಅಂಗಳಕ್ಕೆ ಮೇಲಿಂದ ಬೆಳಕು ಬೇಕು ಅಂದಿದ್ದಾರೆ ಕ್ಯಾಮೆರಾಮನ್.

ಟೀಚರಮ್ಮ: ಎಷ್ಟು ಎತ್ತರ?

ಮ್ಯಾನೇಜರ್: ಇಪ್ಪತ್ತು, ಇಪ್ಪತ್ತೈದು ಅಡಿ.

ಟೀಚರಮ್ಮ: ಹತ್ತೋ ಹುಡುಗನ ಸೊಂಟಕ್ಕೆ ಹಗ್ಗ ಇರುತ್ತಾ? ತಲೆಗೆ ಹೆಲ್ಮೆಟ್ಟು?

ಮ್ಯಾನೇಜರ್: ಹುಡುಗರು ಅಭ್ಯಾಸ ಆಗಿರೋರು ಅಮ್ಮ.

ಟೀಚರಮ್ಮ: ಅದನ್ನಲ್ಲ ನಾನು ಕೇಳಿದ್ದು. 2024ರ ಸೆಪ್ಟೆಂಬರಲ್ಲಿ ಇಲ್ಲೇ ಅಡಕಮಾರನಹಳ್ಳಿ ಹತ್ತಿರ ಶೂಟಿಂಗಲ್ಲಿ ಮೂವತ್ತಡಿ ಮೇಲಿಂದ ಬಿದ್ದು ಲೈಟಿನ ಹುಡುಗ ತೀರ್ಕೊಂಡ. ತುಮಕೂರು ಜಿಲ್ಲೆಯೋನು. ಮಾದನಾಯಕನಹಳ್ಳಿ ಠಾಣೇಲಿ ಕೇಸಾಯ್ತು. ಅವನಿಗೂ ಅಭ್ಯಾಸ ಇದ್ದೇ ಇತ್ತಲ್ಲ?

ಮ್ಯಾನೇಜರ್: ...

ಟೀಚರಮ್ಮ: ಎರಡು ತಿಂಗಳಾಗ್ಲಿಲ್ಲ, ಅದೇ ಮಾದನಾಯಕನಹಳ್ಳಿ ಅಪಾರ್ಟ್‌ಮೆಂಟಲ್ಲಿ ‘ಮಠ’ ಮಾಡಿದ ನಿರ್ದೇಶಕರು ಸತ್ತಿದ್ದು ಗೊತ್ತಾಯ್ತು. ಗುರುಪ್ರಸಾದ್. ಎಂಥ ಮಾತುಗಾರ. ಸಾಲ ಅಂತ ಪೇಪರಲ್ಲಿ ಬಂತು. ಒಬ್ಬ ಏಣಿ ಮೇಲಿನೋನು, ಒಬ್ಬರು ಪೋಸ್ಟರ್ ಮೇಲಿನೋರು. ಅವತ್ತೇ ಅನ್ಕೊಂಡೆ, ನಿಮ್ಮ ಕಸುಬಲ್ಲಿ ಮೇಲೆ ಕೆಳಗೆ ಅನ್ನೋದೇನೂ ಭದ್ರ ಅಲ್ಲ ಅಂತ.

ಮ್ಯಾನೇಜರ್: ನಾನು ಆ ಅಡಕಮಾರನಹಳ್ಳಿ ಸೆಟ್ಟಲ್ಲಿ ಇರಲಿಲ್ಲ ಅಮ್ಮ. ಆದ್ರೆ ಇಂಥದ್ದು ಆದಾಗೆಲ್ಲ ಎರಡು ವಾರ ಎಲ್ಲಾ ಕಡೆ ಹೆಲ್ಮೆಟ್ ಕಾಣುತ್ತೆ. 2016ರ ನವೆಂಬರ್ 7, ತಿಪ್ಪಗೊಂಡನಹಳ್ಳಿ ಜಲಾಶಯ, 'ಮಾಸ್ತಿಗುಡಿ'. ಹೆಲಿಕಾಪ್ಟರಿಂದ ನೀರಿಗೆ ಹಾರಿದ ಮೂವರಲ್ಲಿ ಅನಿಲ್, ಉದಯ್ ಇಬ್ಬರೂ ಮೇಲೆ ಬರ್ಲೇ ಇಲ್ಲ. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಆಮೇಲೆ ಕೆರೆ ಶೂಟಿಂಗ್ ಅಂದ್ರೆ ಈಜೋರು, ದೋಣಿ ಎಲ್ಲ ಬಂದ್ವು. 2021ರ ಆಗಸ್ಟಲ್ಲಿ ಬಿಡದಿ ಕಡೆ ಕರೆಂಟ್ ಹೊಡೆದು ಒಬ್ಬ ಫೈಟರ್ ಹೋದ. ಆಗ ಮೇಲಿನ ತಂತಿ ನೋಡೋಕೆ ಕಲಿತ್ವಿ. ಒಬ್ಬೊಬ್ಬರು ಸತ್ತಾಗ ಒಂದೊಂದು ಪಾಠ.

ಟೀಚರಮ್ಮ: ತಿಪ್ಪಗೊಂಡನಹಳ್ಳಿ, ಬಿಡದಿ, ಅಡಕಮಾರನಹಳ್ಳಿ. ನೀನು ಆಗ ಹೇಳಿದ ಬಳೆ ಇದೇ ತಾನೆ? ಊರಾಚೆ ಜಾಗ. ಗೇಟಿಲ್ಲ, ಗೇಟಲ್ಲಿ ಹೆಸರು ಬರೆಯೋ ಪುಸ್ತಕ ಇಲ್ಲ, ಹತ್ತಿರ ಡಾಕ್ಟರಿಲ್ಲ.

ಮ್ಯಾನೇಜರ್: ಸ್ಟುಡಿಯೋ ಇದ್ರೆ ಇವೆಲ್ಲ ಇರೋವು.

ಟೀಚರಮ್ಮ: ಹಾಗೂ ಹೇಳೋಕಾಗಲ್ಲ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಸ್ಟುಡಿಯೋನೇ ಅಲ್ವಾ? 1989ರ ಫೆಬ್ರವರಿಯಲ್ಲಿ ಟಿಪ್ಪು ಸೀರಿಯಲ್ ಸೆಟ್ಟಿಗೆ ಬೆಂಕಿ ಬಿದ್ದು ಅರುವತ್ತಕ್ಕೂ ಹೆಚ್ಚು ಜನ ಸುಟ್ಟುಹೋದ್ರು. ನಾನಾಗ ಟ್ರೇನಿಂಗಿಗೆ ಅಂತ ಮೈಸೂರಲ್ಲಿದ್ದೆ. ಕೆ.ಆರ್. ಆಸ್ಪತ್ರೆ ಮುಂದೆ ಜನ ಹೇಗೆ ನಿಂತಿದ್ರು ಅಂತೀಯ. ಗೋಡೆ ಇದ್ದ ಮಾತ್ರಕ್ಕೆ ಆಗಲ್ಲ, ಬಾಗಿಲು ತೆಗೆದಿರಬೇಕು. ಲೆಕ್ಕ ಇಡೋರು ಒಬ್ಬರು ಇರಬೇಕು.

ಮ್ಯಾನೇಜರ್: ಲೆಕ್ಕ ಇಡೋನು ನಾನೇ.

ಟೀಚರಮ್ಮ: ನೀನು ಇಡೋದು ದುಡ್ಡಿನ ಲೆಕ್ಕ. ನಾನು ತಲೆ ಲೆಕ್ಕ ಕೇಳ್ತಿದ್ದೀನಿ. ದಿನಾ ಎಷ್ಟು ಜನ ಬರ್ತೀರಿ?

ಮ್ಯಾನೇಜರ್: ಯೂನಿಟ್ ಎಪ್ಪತ್ತು. ಮದುವೆ ಸೀನ್ ಎರಡು ದಿನ ಇದೆ, ಅವತ್ತು ಜೂನಿಯರ್ ಆರ್ಟಿಸ್ಟ್ ನಲವತ್ತು ಜನ ಜಾಸ್ತಿ.

ಟೀಚರಮ್ಮ: ಅದರಲ್ಲಿ ಹೆಂಗಸರು?

ಮ್ಯಾನೇಜರ್: ಇಪ್ಪತ್ತೈದು ಇರ್ತಾರೆ.

ಟೀಚರಮ್ಮ: ಇಪ್ಪತ್ತೈದು ಹೆಂಗಸರು ಸೀರೆ ಎಲ್ಲಿ ಬದಲಾಯಿಸ್ತಾರೆ? ಎಲ್ಲಿ ಹೊರಗೆ ಹೋಗ್ತಾರೆ?

ಮ್ಯಾನೇಜರ್: ನಾಯಕಿಗೆ ಕ್ಯಾರವಾನ್ ಇರುತ್ತೆ.

ಟೀಚರಮ್ಮ: ನಾಯಕಿ ಒಬ್ಬಳು ಕಣಪ್ಪ.

ಮ್ಯಾನೇಜರ್: ನಿಜ ಹೇಳ್ತೀನಿ ಅಮ್ಮ, ನಮ್ಮಲ್ಲಿ ಈ ಪ್ರಶ್ನೆ ಗಂಡಸರು ಕೇಳೋದೇ ಇಲ್ಲ. ಬಸ್ಸಿನ ಹಿಂದೆ ಒಬ್ಬಳು ಸೀರೆ ಅಡ್ಡ ಹಿಡೀತಾಳೆ, ಇನ್ನೊಬ್ಬಳು ಬದಲಾಯಿಸ್ತಾಳೆ. ತೋಟ ಗೀಟ ಇದ್ರೆ ಸರಿ, ಬಯಲಾದ್ರೆ ಕಷ್ಟ. ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ ಕೆಲವರು. ಬಿಸಿಲಲ್ಲಿ ಹನ್ನೆರಡು ಗಂಟೆ, ನೀರಿಲ್ಲ. ತಲೆ ತಿರುಗಿ ಬಿದ್ರೆ ಗ್ಲೂಕೋಸ್ ಕೊಡ್ತೀವಿ. ಯಾಕೆ ಕುಡಿದಿಲ್ಲ ಅಂತ ನಾನೇ ಒಬ್ಬಳನ್ನ ಬೈದಿದ್ದೆ. ಅವಳು ಸುಮ್ಮನೆ ನೋಡಿದ್ಲು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ‘ನಿಮಗೆ ಅಷ್ಟೂ ಅರ್ಥ ಆಗಲ್ವಾ’ ಅಂದ್ಲು.

ಟೀಚರಮ್ಮ: ಕೂಲಿ ಅವರ ಕೈಗೇ ಕೊಡ್ತೀರಾ?

ಮ್ಯಾನೇಜರ್: ಏಜೆಂಟ್ ಕೈಗೆ. ಅವನು ಮುರ್ಕೊಂಡು ಅವರಿಗೆ ಕೊಡ್ತಾನೆ. ಎಷ್ಟು ಮುರ್ಕೊಂಡ ಅಂತ ನಾವು ಕೇಳಲ್ಲ, ಕೇಳಿದ್ರೆ ನಾಳೆ ಜನ ಕಳಿಸಲ್ಲ. ಬೇರೆ ತರದ ಕಾಟವೂ ಇದೆ. ಅದನ್ನ ನಿಮ್ಮ ಮುಂದೆ ಹೇಳೋಕೆ ನಾಚಿಕೆ.

ಟೀಚರಮ್ಮ: ಗೊತ್ತು. ಕೇರಳದಲ್ಲಿ ಸಿನಿಮಾ ಹೆಂಗಸರ ಕಷ್ಟದ ಬಗ್ಗೆ ಹೇಮಾ ಸಮಿತಿ ವರದಿ ಬಂದಾಗ ಇಲ್ಲೂ ಫೈರ್ ಅನ್ನೋ ಸಂಸ್ಥೆಯೋರು ಅಂಥದ್ದೇ ಸಮಿತಿ ಮಾಡಿ ಅಂತ ಸರ್ಕಾರಕ್ಕೆ ಬರೆದುಕೊಟ್ರು. 2024ರಲ್ಲೇ. ಫಿಲ್ಮ್ ಚೇಂಬರಲ್ಲಿ ಮೀಟಿಂಗ್ ಆಯ್ತು ಅಂತ ಟೀವಿಯಲ್ಲಿ ನೋಡಿದೆ. ಮೀಟಿಂಗಲ್ಲಿ ಆದದ್ದು ನನ್ನ ಅಂಗಳಕ್ಕೆ ಬರೋಷ್ಟರಲ್ಲಿ ನಾನು ಇರ್ತೀನೋ ಇಲ್ವೋ. ಈಗ ನಾನು ಹೇಳೋದು ಬರ್ಕೋ. ನಿನ್ನ ಕೈಬರಹದಲ್ಲೇ ಬರಿ, ನನಗೆ ಕನ್ನಡಕ ಬದಲಾಯಿಸ್ಬೇಕು.

(ಮ್ಯಾನೇಜರ್ ಇಪ್ಪತ್ತು ರೂಪಾಯಿ ಛಾಪಾ ಕಾಗದ ತಂದಿದ್ದರು. ಅದರಲ್ಲಿ ಮೊದಲೇ ಟೈಪಾಗಿದ್ದದ್ದು ಮೂರೇ ಸಾಲು, ಮೂರೂ ನಿರ್ಮಾಪಕರಿಗೆ ಅನುಕೂಲವಾದವು. ಟೀಚರಮ್ಮ ಆ ಕಾಗದ ಮಗುಚಿ ಹಿಂಬದಿ ಮುಂದಿಟ್ಟರು.)

ಟೀಚರಮ್ಮ: ಹಿತ್ತಲ ಬಚ್ಚಲುಮನೆ, ಪಕ್ಕದ ಕಕ್ಕಸು, ರಾಗಿ ಕಣಜದ ಕೋಣೆ, ಈ ಮೂರೂ ಹೆಂಗಸರಿಗೆ ಮಾತ್ರ. ಒಳಗಿಂದ ಚಿಲಕ ಇದೆ. ಗಂಡಸರಿಗೆ ನೀವು ಎರಡು ಮೊಬೈಲ್ ಟಾಯ್ಲೆಟ್ ತರಿಸ್ಬೇಕು. ನನ್ನ ತೋಟ ಆ ಲೆಕ್ಕಕ್ಕೆ ಇಲ್ಲ.

ಮ್ಯಾನೇಜರ್: ಅದಕ್ಕೆ ಬಾಡಿಗೆ ಕೊಡ್ಬೇಕಾಗುತ್ತೆ.

ಟೀಚರಮ್ಮ: ನನ್ನ ಬಾಡಿಗೆ ಎಂಟು ಸಾವಿರದಲ್ಲಿ ಐನೂರು ಮುರ್ಕೋ. ಬರಿ. ಹಗ್ಗ ಹೆಲ್ಮೆಟ್ ಇಲ್ದೆ ಯಾರೂ ಅಟ್ಟಣೆ ಹತ್ತೋ ಹಾಗಿಲ್ಲ. ಹತ್ತಿದ್ದು ನಾನು ಕಂಡ್ರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲುತ್ತೆ, ಬಾಡಿಗೆ ಪೂರ್ತಿ ಕೊಡ್ಬೇಕು.

ಮ್ಯಾನೇಜರ್: ಅಮ್ಮ, ಮನೆ ಬಾಡಿಗೆ ಕರಾರಲ್ಲಿ ಇದನ್ನ ಯಾರೂ ಬರೆಸಲ್ಲ. ಹೆಂಚು ಒಡೆದ್ರೆ ಎಷ್ಟು, ಗೋಡೆಗೆ ಮೊಳೆ ಹೊಡೆದ್ರೆ ಎಷ್ಟು ಅಂತ ಬರೆಸ್ತಾರೆ.

ಟೀಚರಮ್ಮ: ಹೆಂಚು ಒಡೆದ್ರೆ ಇನ್ನೊಂದು ಹಾಕಿದ್ರಾಯ್ತು. ಬರಿ. ದಿನಾ ಬೆಳಿಗ್ಗೆ ಬಂದೋರ ಹೆಸರು ಈ ನೋಟ್‌ಬುಕ್ಕಲ್ಲಿ ಬರೀಬೇಕು. ಹೆಸರು, ಊರು, ಏನು ಕೆಲಸ, ಬಂದ ಹೊತ್ತು, ಹೋದ ಹೊತ್ತು. ಸಹಿ. ಜೂನಿಯರ್ ಆರ್ಟಿಸ್ಟ್ ಹೆಂಗಸರದ್ದೂ. ಪುಸ್ತಕ ನನ್ನ ಹತ್ತಿರ ಇರುತ್ತೆ. ಮೂವತ್ತೆಂಟು ವರ್ಷ ಹಾಜರಿ ತಗೊಂಡಿದ್ದೀನಿ, ಇನ್ನು ಎಂಟು ದಿನ ಏನು ಮಹಾ.

ಮ್ಯಾನೇಜರ್: ಆ ಪುಸ್ತಕ... ಶೂಟಿಂಗ್ ಮುಗಿದ್ಮೇಲೆ ಅದರದ್ದೊಂದು ಜೆರಾಕ್ಸ್ ಕೊಡ್ತೀರಾ?

ಟೀಚರಮ್ಮ: ಯಾಕೆ?

ಮ್ಯಾನೇಜರ್: ಎಂಟು ದಿನದ ಪುರಾವೆ ಆಗುತ್ತೆ. ನನಗೂ, ಹುಡುಗರಿಗೂ.

ಟೀಚರಮ್ಮ: ಕೊಡ್ತೀನಿ. ಊಟದ್ದೊಂದು ಬರಿ. ಊಟ ಎಲ್ರಿಗೂ ಒಂದೇ ಹೊತ್ತಿಗೆ. ಲೈಟಿನ ಹುಡುಗರು ಮೂರು ಗಂಟೆಗೆ ತಣ್ಣಗಿನ ಅನ್ನ ತಿನ್ನೋದು ನನ್ನ ಮನೇಲಿ ಬೇಡ.

ಮ್ಯಾನೇಜರ್: ಅದು ನಿಮಗೆ ಹೇಗೆ ಗೊತ್ತು?

ಟೀಚರಮ್ಮ: ತಂಗಿ ಮನೆ ಸೀರಿಯಲ್ ಎರಡು ವರ್ಷ ನೋಡಿದ್ದೀನಲ್ಲ. ಟೀವಿಯಲ್ಲಿ ಅಲ್ಲ, ಅಡುಗೆಮನೆ ಕಿಟಕಿಯಿಂದ. ಈಗ ಕೆಳಗೆ ನಿನ್ನ ಹೆಸರು, ತಂದೆ ಹೆಸರು, ವಯಸ್ಸು, ಕಸುಬು ಬರಿ.

ಹೆಸರು, ತಂದೆ ಹೆಸರು, ವಯಸ್ಸು ಬರೆದು ಮ್ಯಾನೇಜರ್ ಪೆನ್ನು ನಿಲ್ಲಿಸಿದರು. ಆಧಾರಕ್ಕೆ ಬೇಕು ಅಂತ ಟೀಚರಮ್ಮ ಕೇಳಿ ಇಸಕೊಂಡಿದ್ದ ಅವರ ರೇಷನ್ ಕಾರ್ಡು ಜಗಲಿಯ ಮೇಲೆ ಬಿದ್ದಿತ್ತು. ಅದರಲ್ಲಿ ಕಸುಬು ‘ನೇಯ್ಗೆ’ ಅಂತಲೇ ಇತ್ತು. ಸ್ವಲ್ಪ ಹೊತ್ತು ಅದನ್ನು ನೋಡಿ, ಕಾಗದದಲ್ಲಿ ‘ಸಿನಿಮಾ ಕೆಲಸ’ ಅಂತ ಬರೆದರು.

ಅಡ್ವಾನ್ಸ್ ಇಪ್ಪತ್ತು ಸಾವಿರ ಅಂತ ಮಾತಾಗಿತ್ತು. ಟೀಚರಮ್ಮ ಎರಡು ಸಲ ಎಣಿಸಿದರು.

ಟೀಚರಮ್ಮ: ಹದಿನೈದೇ ಇದೆ.

ಮ್ಯಾನೇಜರ್: ನಿರ್ಮಾಪಕರು ಉಳಿದದ್ದು ನಾಳೆ ಅಂದಿದ್ದಾರೆ ಅಮ್ಮ. ಖಂಡಿತ ನಾಳೆ.

ಟೀಚರಮ್ಮ: ಬಾಕಿ ಐದು ಸಾವಿರ ಅಂತ ಬರಿ. ತಾರೀಖು ಹಾಕು. ಅದರ ಕೆಳಗೆ ಇನ್ನೊಂದು ಸಹಿ ಮಾಡು.

ಅವರು ಮಾಡಿದರು. ಅದರ ಪಕ್ಕದಲ್ಲಿ ನಾನೂ ಸಹಿ ಹಾಕಿದೆ.